ಓದುಗರ ಸ್ಪಂದನ: ಬೀಗ ಹಾಕಿದ ಆ ಕಪಾಟನ್ನು ಏನು ಮಾಡೋದು?

ಕಳೆದ ಸಂಚಿಕೆಯಲ್ಲಿ ಡೊಂಬಿವಲಿಯ ಓದುಗರೊಬ್ಬರು ತಮ್ಮ ಮನೆಯ ತೊಂದರೆ ಬರೆದಿದ್ದರು. ಧಾರವಾಡದಿಂದ ಬಂದ ಪುಟ್ಟ ಸಂಸಾರ, ಒಂದು ಬೆಡ್‌ರೂಮಿನ ಬಾಡಿಗೆ ಫ್ಲಾಟು. ಅದರ ತುಂಬ ಮಾಲೀಕರ ಸಾಮಾನು: ತೇಗದ ಡಬಲ್ ಮಂಚ, ಗಾಜಿನ ಷೋಕೇಸು, ಹಳೇ ಸೋಫಾ, ಬೀಗ ಹಾಕಿದ ಒಂದು ಕಬ್ಬಿಣದ ಕಪಾಟು. ಅಂಬೆಗಾಲಿಡುವ ಮಗಳಿಗೆ ಆಡೋಕೆ ನೆಲವೇ ಸಿಗುತ್ತಿಲ್ಲ. ಸೋಫಾದಲ್ಲಿ ತಿಗಣೆ ಇದೆಯೇನೋ ಅನ್ನುವ ಅನುಮಾನ ಬೇರೆ. ನಾಸಿಕ್‌ನಲ್ಲಿರುವ ಮಾಲೀಕರನ್ನು ಕೇಳಿದರೆ, "ಇರಲಿ ಬಿಡಿ, ನಿಮಗೇ ಉಪಯೋಗಕ್ಕೆ ಬರುತ್ತೆ" ಅನ್ನುತ್ತಾರಂತೆ. ಅಗ್ರಿಮೆಂಟ್ ಮುಗಿಯೋಕೆ ಇನ್ನೂ ಐದು ತಿಂಗಳಿದೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ತಂಗಿ, ಎಷ್ಟೇ ಸಿಟ್ಟು ಬಂದರೂ ಗುಜರಿಯವನನ್ನು, ಅದೇ ಭಂಗಾರ್‌ವಾಲಾನನ್ನು ಮಾತ್ರ ಕರೆಯಬೇಡ. ನಾವು ಸಾಮಾನು ಬಿಸಾಕಿ ಕೈ ಸುಟ್ಟುಕೊಂಡವರು.

2005ರ ಜುಲೈ 26 ಮುಂಬಯಿಯವರು ಯಾರೂ ಮರೆಯುವ ದಿನ ಅಲ್ಲ. ಆಗ ನಾವು ಕಲ್ಯಾಣದಲ್ಲಿ ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಉಲ್ಹಾಸ್ ನದಿ ಉಕ್ಕಿ, ಮನೆಯೊಳಗೆ ಸೊಂಟದ ತನಕ ನೀರು. ನೀರು ಇಳಿದ ಮೇಲೆ ಮಾಲೀಕರ ಸೋಫಾದ ಸ್ಪಂಜು ಒತ್ತಿದರೆ ಕರೀ ನೀರು ಬರುತ್ತಿತ್ತು. ಮೂರನೇ ದಿನಕ್ಕೆ ವಾಸನೆ ತಡೆಯೋಕಾಗಲಿಲ್ಲ. ಗಲ್ಲಿಯವರೆಲ್ಲ ತಮ್ಮ ತಮ್ಮ ಗಾದಿ ಎಸೆದಿದ್ದ ರಾಶಿಗೆ ನಾವೂ ಅದನ್ನು ಎಳೆದು ಹಾಕಿದೆವು. ಆ ಹೊತ್ತಿನಲ್ಲಿ ಫೋಟೋ ಯಾರಿಗೆ ನೆನಪಾಗುತ್ತೆ? ಎಂಟು ತಿಂಗಳ ಮೇಲೆ ಮನೆ ಬಿಡುವಾಗ ಮಾಲೀಕರು "ಸೋಫಾ ಎಲ್ಲಿ?" ಅಂದರು. ಡಿಪಾಸಿಟ್‌ನಲ್ಲಿ ನಾಲ್ಕು ಸಾವಿರ ಹಿಡಿದುಕೊಂಡರು. ಅಷ್ಟು ದೊಡ್ಡ ನೆರೆ ಬಂದಿತ್ತಲ್ಲ ಅಂದರೆ, "ಆಮೇಲಾದರೂ ಒಂದು ಫೋನು ಮಾಡಬಹುದಿತ್ತಲ್ಲ" ಅಂದರು. ಅದಕ್ಕೆ ನಮ್ಮವರ ಹತ್ತಿರ ಉತ್ತರ ಇರಲಿಲ್ಲ.

ಈಗ ನಿನ್ನ ಕೈಯಲ್ಲೇ ಕ್ಯಾಮೆರಾ ಇದೆ. ಒಂದೊಂದು ಸಾಮಾನಿನದೂ ನಾಲ್ಕು ಕಡೆಯಿಂದ ಫೋಟೋ ತೆಗೆ. ಮುರಿದ ಹಿಡಿ, ಒಡೆದ ಗಾಜು, ಹರಿದ ಬಟ್ಟೆ ಹತ್ತಿರದಿಂದ ಕಾಣಬೇಕು. ಎಲ್ಲವನ್ನೂ ಮಾಲೀಕರಿಗೆ ವಾಟ್ಸಾಪ್ ಮಾಡು. ಫೋನಿನಲ್ಲಿ ಅವರು ಹೂಂ ಅಂದರೂ ಅದನ್ನೇ ಬರೆದು ಕಳಿಸಿ, "ನೀವು ಹೇಳಿದ ಹಾಗೆ ಮಾಡ್ತೀವಿ" ಅಂತ ಸೇರಿಸು. ನಮ್ಮ ಸೊಸೈಟಿಯಲ್ಲಂತೂ ಮಾಲೀಕರ ಚೀಟಿ ಇಲ್ಲದೆ ವಾಚ್‌ಮನ್ ಒಂದು ಕುರ್ಚಿಯನ್ನೂ ಗೇಟು ದಾಟಿಸಲ್ಲ. ನಿಮ್ಮಲ್ಲೂ ಹಾಗೇ ಇರಬಹುದು, ಮೊದಲೇ ಕೇಳಿಕೋ.

— ಮುಲುಂದ್‌ನ ಗೃಹಿಣಿ

*

ಮೂವತ್ತು ವರ್ಷ ಅಗ್ರಿಮೆಂಟು ಬರೆಸಿಕೊಡುವ ಕೆಲಸ ಮಾಡಿದವನು ನಾನು. ನಿಮ್ಮ ಪತ್ರ ಓದಿದ ಕೂಡಲೇ ಕೇಳಬೇಕು ಅನ್ನಿಸಿದ್ದು ಒಂದೇ: ಅಗ್ರಿಮೆಂಟಿನ ಕೊನೆಯ ಹಾಳೆ ನೋಡಿದ್ದೀರಾ?

ಮುಂಬಯಿಯಲ್ಲಿ ನಮಗೆ ಸಿಗುವುದು ಸಾಮಾನ್ಯವಾಗಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್, ಅಂದರೆ ಬಾಡಿಗೆದಾರರ ಹಕ್ಕು ಕೊಡದೆ ಇಷ್ಟು ದಿನ ಇರೋಕೆ ಅನುಮತಿ ಮಾತ್ರ ಕೊಡುವ ಕರಾರು. ಕೊನೆಯಲ್ಲಿ ಫ್ಲಾಟಿನ ವಿವರ ಇರುತ್ತೆ. ಅದರ ಕೆಳಗೆ ಪಂಖಾ 3, ಟ್ಯೂಬ್‌ಲೈಟ್ 4, ಗೀಸರ್ 1 ಅಂತ ಪಟ್ಟಿ. ಸಹಿ ಹಾಕುವಾಗ ಯಾರೂ ಅದನ್ನು ಓದಲ್ಲ. ಎಲ್ಲರ ಕಣ್ಣೂ ಬಾಡಿಗೆ, ಡಿಪಾಸಿಟ್ಟಿನ ಮೇಲೇ. ಮಂಚ, ಸೋಫಾ ಆ ಪಟ್ಟಿಯಲ್ಲಿದ್ದರೆ ಅವು ನಿಮ್ಮ ಜವಾಬ್ದಾರಿ. ಹೋಗುವಾಗ ಲೆಕ್ಕ ಒಪ್ಪಿಸಬೇಕು. ಕಪಾಟು ಪಟ್ಟಿಯಲ್ಲಿ ಇಲ್ಲದೆ, ಬೀಗದ ಕೈಯೂ ಅವರ ಹತ್ತಿರವೇ ಇದ್ದರೆ, ಅವರು ನಿಮ್ಮ ಬೆಡ್‌ರೂಮನ್ನು ಗೋಡೌನು ಮಾಡಿಕೊಂಡಿದ್ದಾರೆ ಅಂತಲೇ ಅರ್ಥ. ಆಗ ನಿಮ್ಮ ಮಾತಿಗೆ ತೂಕ ಜಾಸ್ತಿ. ಹಾಗಂತ ಬೀಗ ಒಡೆಯೋಕೆ ಮಾತ್ರ ಹೋಗಬೇಡಿ. ಒಳಗೆ ಏನಿತ್ತು, ಏನಿರಲಿಲ್ಲ ಅನ್ನುವ ಜಗಳ ಯಾವತ್ತೂ ಮುಗಿಯಲ್ಲ.

ಅಗ್ರಿಮೆಂಟು ರಿಜಿಸ್ಟರ್ ಆಗಿದೆಯಾ ಅಂತಲೂ ನೋಡಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ರಿಜಿಸ್ಟರ್ ಮಾಡಿಸುವ ಜವಾಬ್ದಾರಿ ಮಾಲೀಕರದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇನ್ನೊಂದು ಮಾತು ಅದರಲ್ಲೇ ಇದೆ. ರಿಜಿಸ್ಟರ್ ಆದ ಕರಾರು ಇಲ್ಲದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆಯವರು ಹೇಳಿದ್ದೇ ನಡೆಯುತ್ತೆ, ಅದು ತಪ್ಪು ಅಂತ ಸಾಬೀತಾಗುವವರೆಗೆ. ಇದನ್ನು ಹೆದರಿಸೋಕೆ ಬಳಸಿ ಅಂತ ಹೇಳುತ್ತಿಲ್ಲ. ಗೊತ್ತಿದ್ದರೆ ಮಾತಾಡುವಾಗ ದನಿ ನಡುಗಲ್ಲ, ಅಷ್ಟೇ.

ಚೌಕಾಸಿಗೆ ಸರಿಯಾದ ಹೊತ್ತು ರಿನ್ಯೂವಲ್. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಬಾಡಿಗೆ ಹೋಯಿತು, ಹೊಸಬರನ್ನು ತಂದ ಏಜೆಂಟನಿಗೆ ಮತ್ತೆ ದಲಾಲಿ ಕೊಡಬೇಕು. ಅದರ ಮುಂದೆ ಒಂದು ಟೆಂಪೋ ಬಾಡಿಗೆ ಏನೂ ಅಲ್ಲ. ಮುಗಿಯೋಕೆ ಎರಡು ತಿಂಗಳು ಇರುವಾಗ ಹೀಗೆ ಬರೆಯಿರಿ: "ಮುಂದಿನ ವರ್ಷವೂ ಇರೋಕೆ ಇಷ್ಟ ಇದೆ. ಸೋಫಾ ಮತ್ತು ಕಪಾಟು ತೆಗೆಸಿಕೊಟ್ಟರೆ ಈಗಲೇ ಒಪ್ಪುತ್ತೇವೆ. ಟೆಂಪೋ ಖರ್ಚಿನಲ್ಲಿ ಅರ್ಧ ನಮ್ಮದು." ನಾಲ್ಕೂ ಸಾಮಾನು ಒಂದೇ ಸಲ ತೆಗೆಸಿ ಅಂದರೆ ಒಂದೂ ಹೋಗಲ್ಲ. ಯಾವೆರಡು ಹೋಗಲೇಬೇಕು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಿಕೊಳ್ಳಿ.

— ನಿವೃತ್ತರು, ಠಾಣೆ

*

ನಾನು ಎದುರು ಪಾರ್ಟಿಯವನು, ಅಂದರೆ ಮನೆ ಮಾಲೀಕ. ಊರು ಉಡುಪಿ ಕಡೆ, ಹುಟ್ಟಿ ಬೆಳೆದದ್ದು ಮಾಟುಂಗಾದಲ್ಲಿ. ಬೈಯುವ ಮೊದಲು ನಮ್ಮ ಕಥೆಯನ್ನೂ ಸ್ವಲ್ಪ ಕೇಳಿ.

ಬೀಗ ಹಾಕಿದ ಕಪಾಟು ಬಿಟ್ಟು ಮನೆ ಕೊಡುವುದು ನಮ್ಮ ತಂದೆಯ ಪದ್ಧತಿ. ಅದರ ಹಿಂದೆ ಒಂದು ಹೆದರಿಕೆ ಇತ್ತು. 1947ರ ಬಾಂಬೆ ಬಾಡಿಗೆ ಕಾಯ್ದೆಯಲ್ಲಿ ಬಾಡಿಗೆಯವರನ್ನು ಎಬ್ಬಿಸುವುದು ಬಹಳ ಕಷ್ಟ. ಅದಕ್ಕೇ ಜನ ಬಾಡಿಗೆ ಅನ್ನದೆ ಲೀವ್ ಅಂಡ್ ಲೈಸೆನ್ಸ್ ಅಂತ ಬರೆಸಿಕೊಳ್ಳೋಕೆ ಶುರು ಮಾಡಿದರು. 1973ರಲ್ಲಿ ಸರಕಾರ ಆ ಕಾಯ್ದೆಗೆ ತಿದ್ದುಪಡಿ ತಂತು. ಆ ವರ್ಷದ ಫೆಬ್ರವರಿ 1ರಂದು ಚಾಲ್ತಿಯಲ್ಲಿದ್ದ ಲೈಸೆನ್ಸಿನ ಮೇಲೆ ಮನೆಯಲ್ಲಿದ್ದವರು ಕಾನೂನಿನ ಕಣ್ಣಲ್ಲಿ ಬಾಡಿಗೆದಾರರೇ ಆಗಿಬಿಟ್ಟರು. ನಮ್ಮ ತಂದೆಯ ಗೆಳೆಯರೊಬ್ಬರ ಫ್ಲಾಟಿಗೆ 11 ತಿಂಗಳಿಗೆ ಅಂತ ಬಂದವರು ಹೊರಡಲೇ ಇಲ್ಲ. ಅದನ್ನು ಕಣ್ಣಾರೆ ಕಂಡ ಮೇಲೆ ತಂದೆ ಯಾರಿಗೆ ಮನೆ ಕೊಟ್ಟರೂ ಒಂದು ಕಪಾಟು ಒಳಗೇ ಬಿಟ್ಟು ಬೀಗದ ಕೈ ಜನಿವಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. 'ಸಾಮಾನು ನಂದು ಇದೆ ಅಂದಮೇಲೆ ಮನೆಯೂ ನಂದೇ' ಅನ್ನುವ ಲೆಕ್ಕ. ಕೋರ್ಟಿನಲ್ಲಿ ಆ ಲೆಕ್ಕ ಎಷ್ಟು ನಡೆಯುತ್ತಿತ್ತೋ, ಅವರಿಗೆ ರಾತ್ರಿ ನಿದ್ದೆಯಂತೂ ಬರುತ್ತಿತ್ತು.

ಈಗ ಆ ಹೆದರಿಕೆಗೆ ಅರ್ಥವಿಲ್ಲ. 2000ದ ಮಾರ್ಚ್ 31ರಿಂದ 1999ರ ಹೊಸ ಕಾಯ್ದೆ ಜಾರಿಯಲ್ಲಿದೆ. ಲೈಸೆನ್ಸ್ ಮುಗಿದ ಮೇಲೂ ಬಿಡದಿದ್ದರೆ ಮಾಲೀಕ ನೇರವಾಗಿ ಸಕ್ಷಮ ಅಧಿಕಾರಿಯ (ಇಂಥ ತಕರಾರು ಕೇಳೋಕೆ ಸರಕಾರ ನೇಮಿಸಿದವರು) ಹತ್ತಿರ ಹೋಗಬಹುದು, ದುಪ್ಪಟ್ಟು ಬಾಡಿಗೆಯನ್ನೂ ಕೇಳಬಹುದು. ಆದರೆ ಅಭ್ಯಾಸ ಹೋಗಲ್ಲ ನೋಡಿ. ನಿಮ್ಮ ಮಾಲೀಕರಿಗೆ ವಯಸ್ಸಾಗಿದ್ದರೆ ಕಪಾಟಿನ ಗುಟ್ಟು ಇದೇ ಇರಬಹುದು. ಆಗ ಜಾಗ ಇಲ್ಲ, ಜಾಗ ಇಲ್ಲ ಅಂತ ಸುಮ್ನೆ ಹತ್ತು ಸಲ ಹೇಳಿ ಏನು ಬಂತು? "ಅಗ್ರಿಮೆಂಟು ರಿಜಿಸ್ಟರ್ ಆಗಿದೆ, ಪೊಲೀಸ್ ವೆರಿಫಿಕೇಶನ್ ಆಗಿದೆ, ತಾರೀಕಿಗೆ ಸರಿಯಾಗಿ ಬಿಟ್ಟುಕೊಡ್ತೀವಿ" ಅಂತ ಹೇಳಿ ನೋಡಿ.

ಮಂಚದ ವಿಷಯ ಬೇರೆ. ನಾಸಿಕ್‌ನಲ್ಲಿ ಅವರಿಗೂ ಎರಡು ರೂಮಿನ ಮನೆಯೇ ಇದ್ದೀತು. ತೇಗದ ಮಂಚ ಇಡೋಕೆ ಅಲ್ಲಿ ಜಾಗ ಇಲ್ಲ, ಮಾರೋಕೆ ಮನಸ್ಸಿಲ್ಲ. ನಾನು ನಮ್ಮಮ್ಮನ ಮಂಚವನ್ನು ಹೀಗೇ ಆರು ವರ್ಷ ಬೇರೆಯವರ ಸಂಸಾರದ ಮಧ್ಯೆ ಬಿಟ್ಟಿದ್ದೆ. ಆ ಮನೆಯ ಹುಡುಗಿ ಒಂದು ದಿನ ಫೋನು ಮಾಡಿ, "ಅಂಕಲ್, ಇದು ಯಾರ ಮಂಚ?" ಅಂತ ಕೇಳಿದಳು. ಅದಕ್ಕೆ ಮೊದಲು ಬಂದ ಮೂರು ಬಾಡಿಗೆಯವರೂ "ಇದನ್ನ ಯಾವಾಗ ತೆಗೀತೀರಿ?" ಅಂತಲೇ ಕೇಳಿದ್ದರು. ಅವಳು ಕೇಳಿದ ಮುಂದಿನ ಭಾನುವಾರವೇ ಹೋಗಿ ಮಂಚ ತಂದುಬಿಟ್ಟೆ.

— ಮಾಟುಂಗಾದಿಂದ

*

ತಿಗಣೆ ಅನುಮಾನ ಅಂದಿರಲ್ಲ, ನಾನು ಅದರ ಬಗ್ಗೆ ಮಾತ್ರ ಬರೆಯುತ್ತೇನೆ. ಪುಣೆಯಲ್ಲಿ ಇಂಥದೇ ಒಂದು ಸೋಫಾದ ಜೊತೆ ಏಳು ತಿಂಗಳು ಬಾಳಿದ್ದೇನೆ.

ರಾತ್ರಿ ಲೈಟು ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದು ನೋಡಿ. ಗಾದಿಯ ಹೊಲಿಗೆ, ಮರ ಸೇರುವ ಮೂಲೆ, ಸೋಫಾ ಬೋರಲು ಹಾಕಿದರೆ ಕೆಳಗೆ ಮೊಳೆ ಹೊಡೆದ ಕರೀ ಬಟ್ಟೆಯ ಅಂಚು. ಹುಳ ಕಾಣದಿದ್ದರೂ ಪೆನ್ನಿನ ಮೊನೆ ಚುಚ್ಚಿದ ಹಾಗೆ ಕರೀ ಚುಕ್ಕಿಗಳಿರುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಕಂದು ಬಣ್ಣ ಹರಡಿದರೆ ಅದು ಧೂಳಲ್ಲ, ತಿಗಣೆಯ ಹಿಕ್ಕೆ.

ಇದ್ದರೆ ಸೋಫಾವನ್ನು ಹಾಲಿನಿಂದ ಬೆಡ್‌ರೂಮಿಗೆ, ಅಲ್ಲಿಂದ ಬಾಲ್ಕನಿಗೆ ಎಳೆದಾಡಬೇಡಿ. ಎಳೆದ ದಾರಿಯಲ್ಲೆಲ್ಲ ಬೀಳುತ್ತವೆ. ಮೂಲೆಗಿಟ್ಟು ಮರೆತರೂ ಸಾಯಲ್ಲ, ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತವೆ. ದೊಡ್ಡ ಪ್ಲಾಸ್ಟಿಕ್ ಹಾಳೆ ಸುತ್ತಿ, ಟೇಪು ಹೊಡೆದು, ಪೆಸ್ಟ್ ಕಂಟ್ರೋಲ್‌ನವರು ಬರುವ ತನಕ ಮುಟ್ಟಬೇಡಿ. ಒಂದು ಸಲ ಹೊಡೆದರೆ ಮೊಟ್ಟೆ ಉಳಿಯುತ್ತೆ. ಎರಡು ವಾರ ಬಿಟ್ಟು ಇನ್ನೊಂದು ಸಲ ಹೊಡೆಸಲೇಬೇಕು. ಹಾಸಿಗೆ ಬಟ್ಟೆ, ದಿಂಬಿನ ಕವರು ಎಲ್ಲ ಕುದಿವ ನೀರಿಗೆ. ನಮ್ಮಜ್ಜಿ ಸೀಮೆಎಣ್ಣೆ ಬಳಿಯುತ್ತಿದ್ದರು, ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಆ ಯೋಚನೆಯೇ ಬೇಡ.

ಬಿಲ್ ಮಾಲೀಕರಿಗೆ ಕಳಿಸಿ. ನಾನು ಕರೀ ಚುಕ್ಕಿಗಳ ಫೋಟೋ ಕಳಿಸಿದ ದಿನವೇ, ಏಳು ತಿಂಗಳು ಕದಲದ ಸೋಫಾ ಕದಲಿತು. ಅವರ ಮನೆಗೆ ಒಯ್ಯಲಿಲ್ಲ ಅನ್ನಿ.

— ಓದುಗರು, ಕೋಥ್ರೂಡ್, ಪುಣೆ

*

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಮುಂಬಯಿಯಲ್ಲಿ ಹೊಸ ಮಂಚ ಕೊಂಡು, ಪ್ರತಿ 11 ತಿಂಗಳಿಗೆ ಅದನ್ನು ಹೊತ್ತು ಮನೆ ಬದಲಿಸುವವರನ್ನು ಕೇಳಿ ನೋಡಿ. ತೇಗದ ಮಂಚ ಪುಕ್ಕಟೆ ಸಿಕ್ಕಿದೆ, ಮಲಗಿ!

ಬೇಡವೇ ಬೇಡ ಅಂದರೆ ಮಾಲೀಕರನ್ನು ಒಂದು ಮಾತು ಕೇಳಿ, ಬಡಗಿಯನ್ನು ಕರೆಸಿ ಬಿಚ್ಚಿಸಿ. ಹಳೇ ಮಂಚ ಬೋಲ್ಟಿನ ಮೇಲೆ ನಿಂತಿರುತ್ತೆ. ತಲೆಕಡೆ, ಕಾಲುಕಡೆ, ಎರಡು ಅಡ್ಡಪಟ್ಟಿ, ಹಲಗೆಗಳು, ಅಷ್ಟೇ. ಬಾಗಿಲ ಹಿಂದೆ ಗೋಡೆಗೆ ಒರಗಿಸಿದರೆ ಒಂದೂವರೆ ಅಡಿ ಸಾಕು. ಬೀಳದ ಹಾಗೆ ಹಗ್ಗದಿಂದ ಬಿಗಿಯಾಗಿ ಕಟ್ಟಿ, ಮಗು ಹಿಡಿದು ನಿಲ್ಲೋ ವಯಸ್ಸು. ಬೋಲ್ಟುಗಳನ್ನು ಚೀಲಕ್ಕೆ ಹಾಕಿ ಹಲಗೆಗೇ ಕಟ್ಟಿಡಿ. ನಾನು ಡಬ್ಬಿಯಲ್ಲಿ ಜೋಪಾನ ಮಾಡಿದ್ದೆ, ಇವತ್ತಿಗೂ ಆ ಡಬ್ಬಿ ಸಿಕ್ಕಿಲ್ಲ.

— ಬ್ಯಾಚುಲರ್, ಗೋರೆಗಾಂವ್

*

ನಾವು ಮಡಗಾಂವ್‌ನಲ್ಲಿದ್ದೇವೆ. ನಮ್ಮ ಮಾಲೀಕರು ಹಾಲಿನಲ್ಲಿ ದೇವರ ಪೀಠವನ್ನೇ ಬಿಟ್ಟು ಹೋಗಿದ್ದಾರೆ, ಕೆತ್ತನೆಯ ಮರದ್ದು, ಏಸುವಿನ ಶಿಲುಬೆ ಸಮೇತ. ತೆಗೆಯಿರಿ ಅನ್ನೋಕೆ ಬಾಯಿ ಬರಲಿಲ್ಲ. ದಿನಾ ನಮ್ಮ ದೇವರ ಮುಂದೆ ದೀಪ ಹಚ್ಚುವಾಗ ಅದರ ಧೂಳೂ ಒರೆಸುತ್ತೇನೆ. ಹದಿನಾಲ್ಕು ವರ್ಷ ಆಯಿತು.

ಡೊಂಬಿವಲಿಯಲ್ಲೂ ಮಳೆಗಾಲ ಜೋರು. ಏನೇ ಇಟ್ಟುಕೊಂಡರೂ ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ. ಇಲ್ಲದಿದ್ದರೆ ಹಿಂದೆಲ್ಲ ಬೂಸ್ಟು ಹಿಡಿಯುತ್ತೆ, ಆಮೇಲೆ ಆ ತಪ್ಪೂ ನಿಮ್ಮ ತಲೆಗೇ ಬರುತ್ತೆ.

— ಗೋವಾದಿಂದ

*

ನಮ್ಮ ಮನೆಯಲ್ಲೂ ಬೀಗದ ಕಪಾಟಿತ್ತು. ನಾಲ್ಕು ವರ್ಷ ಅದರ ಮೇಲೆ ಸೂಟ್‌ಕೇಸು, ಬಾಗಿಲಿಗೆ ಮಗನ ಸ್ಟಿಕರ್. ಒಳಗೆ ಏನಿದೆ ಅಂತ ನಾನು, ನಮ್ಮವರು ಪಂಥ ಕಟ್ಟಿದ್ದೆವು. ಅವರು ಬೆಳ್ಳಿ ಅಂದರು, ನಾನು ಕಾಗದಪತ್ರ ಅಂದೆ.

ಹೋದ ದೀಪಾವಳಿಗೆ ಮೊದಲು ಮಾಲೀಕರು ಕೊನೆಗೂ ಬೀಗದ ಕೈ ತಂದರು. ತಿರುಗಲಿಲ್ಲ. ಕೊಬ್ಬರಿ ಎಣ್ಣೆ ಬಿಟ್ಟು ಕಾಲು ಗಂಟೆ ಚಹಾ ಕುಡಿದೆವು. ತೆಗೆದರೆ ಒಳಗೆ ಹರಿದ ಆಕಾಶಬುಟ್ಟಿ, ಒಂದು ಟೇಪ್ ರೆಕಾರ್ಡರ್, ಯಾರದೋ ಲಗ್ನಪತ್ರಿಕೆಗಳ ಕಟ್ಟು, ಹಳೇ ಲೈಟ್ ಬಿಲ್‌ಗಳು, ಅಡಿಯಲ್ಲಿ ಪೇಪರ್ ಸುತ್ತಿದ ಒಂದು ಹಿತ್ತಾಳೆ ಸಮಯಿ, ಅಂದರೆ ದೀಪದ ಕಂಬ. ಅವರು ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಸಮಯಿಯನ್ನು ಪಂಚೆಯ ತುದಿಯಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡು, "ಬಾಕಿ ಎಲ್ಲ ಭಂಗಾರಿಗೆ ಕೊಡಿ, ಕಪಾಟೂ ಕೊಡಿ" ಅಂದರು. ಚೀಟಿ ಬರೆದು ವಾಚ್‌ಮನ್‌ಗೂ ಕೊಟ್ಟು ಹೋದರು.

ಕಪಾಟು ನಿಂತಿದ್ದ ಕಡೆ ಟೈಲ್ಸ್ ಮೇಲೆ ತುಕ್ಕಿನ ನಾಲ್ಕು ಚೌಕ ಉಳಿದಿದ್ದವು. ನಿಂಬೆಹಣ್ಣು, ಉಪ್ಪು ಹಾಕಿ ಉಜ್ಜಿದೆ. ಮೂರು ಹೋದವು. ನಾಲ್ಕನೆಯದರ ಮೇಲೆ ಈಗ ಮಗ ಸೈಕಲ್ ನಿಲ್ಲಿಸುತ್ತಾನೆ.

— ಬೊರಿವಲಿಯಿಂದ