ಚಕ್ರಮುನಿ ಸೊಪ್ಪಿನ ಹಸಿ ಜ್ಯೂಸ್ ಕುಡಿಬಹುದಾ?

ಪ್ರಶ್ನೆ: ಕುಂಡದಲ್ಲಿ ಚಕ್ರಮುನಿ ಸಖತ್ತಾಗಿ ಬೆಳೆದಿದೆ, ವಿಟಮಿನ್ ಸೊಪ್ಪು ಅಂತಾರಲ್ಲ ಅದೇ. ದಿನಾ ಹಸಿ ಎಲೆ ಜ್ಯೂಸ್ ಕುಡಿದ್ರೆ ತೂಕ ಇಳಿಯುತ್ತೆ ಅಂತ ವಾಟ್ಸಾಪಲ್ಲಿ ಬಂದಿತ್ತು, ನಿಜಾನಾ?

ಉತ್ತರ 1: ಬೇಡ್ವೇ ಬೇಡ ಮಾರಾಯ್ರೆ! 1990ರ ದಶಕದಲ್ಲಿ ತೈವಾನಲ್ಲಿ ಇದೇ ಆಸೆಗೆ ವಾರಗಟ್ಲೆ ಹಸಿ ಜ್ಯೂಸ್ ಕುಡಿದು ಎಷ್ಟೋ ಜನಕ್ಕೆ ಶ್ವಾಸಕೋಶದ ಸಣ್ಣ ನಾಳಗಳು ಕಟ್ಕೊಂಡು ಉಸಿರಾಡೋದೇ ಕಷ್ಟ ಆಯ್ತು, ಬ್ರಾಂಕಿಯೋಲೈಟಿಸ್ ಆಬ್ಲಿಟರನ್ಸ್ ಅಂತಾರೆ ಅದಕ್ಕೆ, ಜ್ಯೂಸ್ ಬಿಟ್ರೂ ಸರಿಹೋಗಲ್ಲ, ಕೆಲವ್ರಿಗೆ ಶ್ವಾಸಕೋಶ ಕಸಿನೇ ಮಾಡ್ಬೇಕಾಯ್ತು.

ಉತ್ತರ 2: ಹಾಗಂತ ಗಿಡ ಕಿತ್ತು ಬಿಸಾಕ್ಬೇಡಿ. ಇಂಡೋನೇಷ್ಯಾ, ಮಲೇಷ್ಯಾ ಕಡೆ ಬೇಯಿಸಿ ತಿಂತಾರೆ, ಎದೆಹಾಲು ಹೆಚ್ಚಲಿ ಅಂತ ಬಾಣಂತಿಯರಿಗೂ ಕೊಡ್ತಾರೆ. ಚೆನ್ನಾಗಿ ಬೇಯಿಸಿ, ಅಪರೂಪಕ್ಕೆ ತಿನ್ನಿ ಸಾಕು.

ಪ್ರಶ್ನೆ ಕೇಳಿದವರು: ಅಯ್ಯೋ, ಥ್ಯಾಂಕ್ಸ್. ಮಿಕ್ಸಿ ಜಾರ್ ಎತ್ತಿಟ್ಟೆ.