ಫೋಟೋ ನೋಡಿ ಚರ್ಮದ ಕಾಯಿಲೆ ಹೇಳೋದು ಎಷ್ಟು ನಂಬಬಹುದು?

ಕ್ಲಿನಿಕ್‌ಡಾಕ್ಟರ್:
ಸಣ್ಣ ಕ್ಲಿನಿಕ್ಕು ನಮ್ಮದು, ಚರ್ಮದ ತಜ್ಞರಿಲ್ಲ. ರೋಗಿಯ ಫೋಟೋ ತೆಗೆದು ದೂರದ ತಜ್ಞರಿಗೆ ಕಳಿಸುತ್ತೇವೆ. ಎಷ್ಟೋ ಸಲ "ಸರಿಯಾಗಿ ಕಾಣ್ತಿಲ್ಲ, ಮತ್ತೆ ಕಳಿಸಿ" ಅಂತ ಉತ್ತರ ಬರುತ್ತದೆ, ಅಷ್ಟರಲ್ಲಿ ರೋಗಿ ಮನೆ ಸೇರಿರುತ್ತಾರೆ. ಎಲ್ಲಿ ಎಡವುತ್ತಿದ್ದೇವೆ? ಯಾವ ಕೇಸು ಫೋಟೋದಲ್ಲಿ ಆಗೋದೇ ಇಲ್ಲ?

ಚರ್ಮದವರು:
ಆ ಫೋಟೋಗಳನ್ನು ನೋಡುವವಳು ನಾನು, ಸ್ವಲ್ಪ ಗೊಣಗುತ್ತೇನೆ. ಚೆನ್ನಾಗಿ ಕಾಣಲಿ ಅಂತ ಫೋನನ್ನು ಚರ್ಮಕ್ಕೆ ತಾಗಿಸುವಷ್ಟು ಹತ್ತಿರ ಹಿಡಿಯುತ್ತಾರೆ, ಎಲ್ಲಾ ಮಸುಕು. ಮೊದಲು ದೂರದಿಂದ ಒಂದು ತೆಗೆಯಿರಿ, ಬೆನ್ನೋ ತೊಡೆಯೋ ನನಗೆ ಗೊತ್ತಾಗಬೇಕಲ್ವಾ? ಆಮೇಲೆ ಹತ್ತಿರದ್ದು, ಪಕ್ಕದಲ್ಲಿ ಸ್ಕೇಲ್ ಇಟ್ಟು. ಇನ್ನೊಂದು ಓರೆಯಾಗಿ, ಉಬ್ಬಿದೆಯೋ ಇಲ್ಲವೋ ತಿಳಿಯೋಕೆ. ಕಿಟಕಿ ಬೆಳಕು ಸಾಕು, ಫ್ಲ್ಯಾಶ್ ಬೇಡ. ಬ್ಯೂಟಿ ಮೋಡ್ ಆಫ್ ಮಾಡಿ, ಅದು ನಮಗೆ ಬೇಕಾದ ಕಲೆಯನ್ನೇ ಅಳಿಸುತ್ತದೆ! ರೋಗಿಯನ್ನು ಕೇಳಿಯೇ ಫೋಟೋ ತೆಗೆಯಿರಿ.

ಫೋಟೋಗಿಂತ ಕಥೆ ಮುಖ್ಯ. ಎಷ್ಟು ದಿನದಿಂದ, ಕೆರೆತ ಇದೆಯಾ, ಏನು ಹಚ್ಚಿದ್ದಾರೆ, ಇಷ್ಟಾದರೂ ಬರೆಯಿರಿ. ಸ್ಟೆರಾಯ್ಡ್ ಮುಲಾಮು ಹಚ್ಚಿದ ಹುಳುಕಡ್ಡಿಗೆ ಆ ಉಂಗುರದಂಥ ಅಂಚೇ ಉಳಿದಿರೋದಿಲ್ಲ, ಸುಮ್ನೆ ಫೋಟೋ ನೋಡಿದರೆ ಯಾರಾದರೂ ಎಸ್ಜಿಮಾ (ಇಸುಬು) ಅಂದುಬಿಡುತ್ತಾರೆ.

ನರ್ಸಮ್ಮ:
ಮೇಡಂ ಹೇಳಿದ್ದು ನಿಜ. ಒಂದು ಸಲ ಬರೀ ಮುಂಗೈ ಗುಳ್ಳೆಯ ಫೋಟೋ ಕಳಿಸಿದ್ದೆವು. ಆ ಕಡೆಯಿಂದ ಎರಡೇ ಪ್ರಶ್ನೆ ಬಂತು: ರಾತ್ರಿ ಕೆರೆತ ಜಾಸ್ತಿನಾ, ಮನೆಯಲ್ಲಿ ಬೇರೆಯವರಿಗೂ ಇದೆಯಾ? ಎರಡಕ್ಕೂ ಹೌದು. ಬೆರಳ ಸಂದು ಬಿಡಿಸಿ ನೋಡಿದರೆ ಅಲ್ಲೂ ಗುಳ್ಳೆ. ಕಜ್ಜಿ!

ಹಳೇಕೈ:
ಫೋಟೋಗೆ ಆಗದ್ದು ಅಂದರೆ ಮೊದಲು ಬಿಳಿಚಿದ ಮಚ್ಚೆ. ಕುಷ್ಠವೋ ಅಲ್ಲವೋ ತಿಳಿಯಲು ಅಲ್ಲಿ ಸ್ಪರ್ಶ ಇದೆಯಾ ನೋಡಬೇಕು, ಅದನ್ನು ನೀವೇ ಹತ್ತಿಯ ಎಳೆ ತಾಗಿಸಿ ನೋಡಿ ಬರೆಯಿರಿ. ಬೆಳೆಯುತ್ತಿರುವ, ಬಣ್ಣ ಬದಲಾಗುವ ಕಪ್ಪು ಮಚ್ಚೆ ಇದ್ದರೆ ಡರ್ಮೋಸ್ಕೋಪಿನಿಂದ (ಚರ್ಮವನ್ನು ದೊಡ್ಡದಾಗಿ ತೋರಿಸುವ, ಬೆಳಕಿರುವ ಮಸೂರ) ತೆಗೆದ ಫೋಟೋ ಬೇಕು, ಇಲ್ಲದಿದ್ದರೆ ರೋಗಿಯನ್ನೇ ಕಳಿಸಿ. ರೋಗಿ ತೋರಿಸಿದ್ದಷ್ಟನ್ನೇ ನೋಡಿ ಬಿಡಬೇಡಿ, ಚಪ್ಪಲಿ ಬಿಚ್ಚಿಸಿ. ಕಪ್ಪು ಚರ್ಮದವರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಅಂಗಾಲಿನಲ್ಲಿ, ಉಗುರಿನ ಕೆಳಗೆ ಅಡಗಿರೋದೇ ಹೆಚ್ಚು. ಅವರಲ್ಲಿ ಉರಿಯೂತವೂ ಕೆಂಪಗೆ ಕಾಣದೆ ನೇರಳೆಯಾಗಿಯೋ ಗಾಢ ಕಂದಾಗಿಯೋ ಕಾಣಬಹುದು. ಜ್ವರದ ಜೊತೆ ಚರ್ಮ ಸುಲಿಯುತ್ತಿದ್ದರೆ, ಬಾಯಲ್ಲಿ ಹುಣ್ಣಿದ್ದರೆ ಫೋಟೋ ತೆಗೆಯುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ.

ಕ್ಲಿನಿಕ್‌ಡಾಕ್ಟರ್:
ಅಯ್ಯೋ, ಇಷ್ಟು ದಿನ ಫ್ಲ್ಯಾಶ್ ಹಾಕಿಯೇ ತೆಗೆಯುತ್ತಿದ್ದೆವು. ನಾಳೆಯೇ ಕುರ್ಚಿ ಕಿಟಕಿ ಪಕ್ಕಕ್ಕೆ ಹಾಕಿಸುತ್ತೇನೆ. ಡರ್ಮೋಸ್ಕೋಪ್ ಫೋನಿಗೆ ಸಿಕ್ಕಿಸುವಂಥದ್ದು ಯಾರಾದರೂ ಬಳಸಿದ್ದೀರಾ?