ತುಮಕೂರಿನಿಂದ ಬೆಂಗಳೂರಿಗೆ ಹ್ಯಾಮ್ (ಹವ್ಯಾಸಿ) ರೇಡಿಯೋದಲ್ಲಿ ನೇರ ಸಂಪರ್ಕ ಮತ್ತು ಸಂಜೆಯ ಗದ್ದಲ: ಸಲಹೆ ಕೋರಿಕೆ

ಕಲ್ಪತರು_ಹ್ಯಾಮ್:
ಎಲ್ಲರಿಗೂ ನಮಸ್ಕಾರ. ತುಮಕೂರಿನ ನಮ್ಮ ಮನೆಯ ತಾರಸಿಯಲ್ಲಿ, ನೆಲದಿಂದ ಸುಮಾರು 12 ಮೀಟರ್ ಎತ್ತರಕ್ಕೆ, 145 ಮೆಗಾಹರ್ಟ್ಸ್‌ನ ಗ್ರೌಂಡ್ ಪ್ಲೇನ್ ಆಂಟೆನಾ ನಿಲ್ಲಿಸಿ, 20 ಮೀಟರ್ ಆರ್‌ಜಿ 58 ಕೇಬಲ್ ಮೂಲಕ 5 ವ್ಯಾಟ್‌ನ ಹ್ಯಾಂಡಿಗೆ (ಕೈಯಲ್ಲಿ ಹಿಡಿಯುವ ಸೆಟ್‌ಗೆ) ಜೋಡಿಸಿದ್ದೇನೆ. ಊರೊಳಗೆ ಮಾತು ಸ್ಪಷ್ಟವಾಗಿದೆ. ಯಶವಂತಪುರದ ಅಪಾರ್ಟ್‌ಮೆಂಟ್ ಒಂದರ ತಾರಸಿಯಲ್ಲಿ, 25 ಮೀಟರ್ ಎತ್ತರದಲ್ಲಿ ಆಂಟೆನಾ ಇಟ್ಟಿರುವ ಸ್ನೇಹಿತರಿಗೆ ಮಾತ್ರ ರಿಪೀಟರ್ (ಸಂಕೇತವನ್ನು ಹಿಡಿದು ಮರುಪ್ರಸಾರ ಮಾಡುವ ನಿಲಯ) ಇಲ್ಲದೆ ನನ್ನ ದನಿ ತಲುಪುತ್ತಿಲ್ಲ. 50 ವ್ಯಾಟ್‌ನ ಸೆಟ್ ಕೊಂಡರೆ ತಲುಪೀತೇ? ಇನ್ನೊಂದು ತೊಂದರೆಯೂ ಇದೆ: 7 ಮೆಗಾಹರ್ಟ್ಸ್‌ನ ಡೈಪೋಲ್‌ನಲ್ಲಿ (ಎರಡು ತೋಳಿನ ತಂತಿ ಆಂಟೆನಾದಲ್ಲಿ) ಸಂಜೆ ದೀಪ ಹಚ್ಚುವ ಹೊತ್ತಿಗೆ ಗದ್ದಲ ಎಸ್ ಮೀಟರ್‌ನಲ್ಲಿ (ಸಂಕೇತದ ಬಲ ತೋರಿಸುವ ಮಾಪಕದಲ್ಲಿ) ಎಸ್ 8ಕ್ಕೆ ಏರಿ, ದುರ್ಬಲ ನಿಲಯಗಳೆಲ್ಲ ಮುಳುಗಿಹೋಗುತ್ತವೆ.

ಹಳೇ_ಕೋಆಕ್ಸ್:
ಹಣ ಖರ್ಚು ಮಾಡುವ ಮೊದಲು ಲೆಕ್ಕ ಹಾಕಿ ನೋಡಿ. ಆಂಟೆನಾದ ಎತ್ತರವನ್ನು ಮೀಟರ್‌ಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತದ, ಅಂದರೆ ಭೂಮಿಯ ಬಾಗುವಿಕೆಗೆ ಮರೆಯಾಗದೆ ನೇರ ಅಲೆ ತಲುಪುವ ಎಲ್ಲೆಯ, ದೂರ ಕಿಲೋಮೀಟರ್‌ಗಳಲ್ಲಿ ಸಿಗುತ್ತದೆ. ತಮ್ಮದು ಸುಮಾರು 14, ಸ್ನೇಹಿತರದು ಸುಮಾರು 21, ಕೂಡಿದರೆ 35. ನಡುವಿನ ದೂರವಾದರೋ ಸುಮಾರು 60 ಕಿಲೋಮೀಟರ್. 5 ವ್ಯಾಟ್ 50 ಆದರೆ ಸಂಕೇತ 10 ಡೆಸಿಬೆಲ್ ಬಲವಾಗುತ್ತದೆ, ದಿಗಂತ ಒಂದಡಿಯೂ ಹಿಂದೆ ಸರಿಯುವುದಿಲ್ಲ. ಅದಕ್ಕಿಂತ ಮುಂಚೆ ಆ ಕೇಬಲ್ ಬದಲಾಯಿಸಿ: ಈ ಆವರ್ತನದಲ್ಲಿ 20 ಮೀಟರ್ ಆರ್‌ಜಿ 58 ಸುಮಾರು 4 ಡೆಸಿಬೆಲ್ ನುಂಗುವುದರಿಂದ ತಮ್ಮ 5 ವ್ಯಾಟ್‌ನಲ್ಲಿ ಆಂಟೆನಾ ತಲುಪುವುದು 2 ವ್ಯಾಟ್ ಮಾತ್ರ, ಮತ್ತು ಕೇಳುವಾಗಲೂ ಅಷ್ಟೇ ನಷ್ಟವಾಗುತ್ತದೆ. ಅದಕ್ಕಿಂತ ದಪ್ಪನೆಯ ಆರ್‌ಜಿ 213 ಕೇಬಲ್ ಹಾಕಿದರೆ ನಷ್ಟ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಎತ್ತರದ ಮಹಿಮೆಯನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಒಂದು ಭಾನುವಾರ ಹ್ಯಾಂಡಿ ಹಿಡಿದು ದೇವರಾಯನದುರ್ಗ ಹತ್ತಿ. ಸುತ್ತಲ ಬಯಲಿಗಿಂತ 300 ಮೀಟರ್ ಮೇಲೆ ನಿಂತರೂ ದಿಗಂತ 70 ಕಿಲೋಮೀಟರ್ ದಾಟುತ್ತದೆ.

ಮಲೆನಾಡ_ತರಂಗ:
ಮೇಲಿನ ಲೆಕ್ಕ ಸರಿಯಾಗಿದೆ, ಆದರೆ ದಿಗಂತವೆಂಬುದು ಗೋಡೆಯಲ್ಲ. ಎರಡೂ ಕಡೆ ಯಾಗಿ (ಒಂದೇ ದಿಕ್ಕಿಗೆ ಶಕ್ತಿ ಕೇಂದ್ರೀಕರಿಸುವ) ಆಂಟೆನಾಗಳನ್ನು ಒಂದೇ ಧ್ರುವೀಕರಣದಲ್ಲಿ (ಎರಡರ ಕಡ್ಡಿಗಳೂ ಅಡ್ಡಲಾಗಿ, ಇಲ್ಲವೇ ಎರಡರವೂ ನೆಟ್ಟಗೆ) ಎದುರುಬದುರಾಗಿ ನಿಲ್ಲಿಸಿದರೆ, ದಿಣ್ಣೆಗಳ ನೆತ್ತಿಯ ಮೇಲೆ ಬಾಗಿ ಬರುವ ಅಲ್ಪ ಸಂಕೇತವೂ ಕೇಳುವಷ್ಟಾಗುತ್ತದೆ. ಅಲ್ಲಿ ಶಕ್ತಿಯ ಹೆಚ್ಚಳಕ್ಕೂ ಬೆಲೆಯಿದೆ, ಪರವಾನಗಿಯ ಮಿತಿಯೊಳಗೆ. ಆದರೂ ನನ್ನ ಅಭಿಪ್ರಾಯದಲ್ಲಿ ತಮ್ಮ ಎರಡು ಪ್ರಶ್ನೆಗಳಲ್ಲಿ ಎರಡನೆಯದೇ ಮುಖ್ಯ. ನೆಲದಿಂದ 6ರಿಂದ 10 ಮೀಟರ್ ಎತ್ತರದಲ್ಲಿ ಕಟ್ಟಿದ 7 ಮೆಗಾಹರ್ಟ್ಸ್ ಡೈಪೋಲ್ ಬಹುಪಾಲು ಶಕ್ತಿಯನ್ನು ನೆತ್ತಿಯ ಕಡೆಗೆ ಕಳುಹಿಸುವುದರಿಂದ, ಅಯಾನುಗೋಲದಿಂದ (ವಾತಾವರಣದ ಮೇಲ್ಪದರದಿಂದ) ಮರಳಿ ಬರುವ ಅಲೆಗಳು ಹಗಲಿನಲ್ಲಿ ಬೆಂಗಳೂರನ್ನಷ್ಟೇ ಅಲ್ಲ, ಸುತ್ತಲಿನ ನೂರಾರು ಕಿಲೋಮೀಟರನ್ನು ಬೆಟ್ಟಗಳ ಹಂಗಿಲ್ಲದೆ ಆವರಿಸುತ್ತವೆ. ರಾತ್ರಿ ತಡವಾದಂತೆ ಹತ್ತಿರದ ಊರುಗಳು ತಪ್ಪಿಹೋಗುತ್ತವೆ, ಅದು ಬೇರೆ ಮಾತು.

ಗದ್ದಲದ ಮೂಲವನ್ನು ಮನೆಯಿಂದಲೇ ಹುಡುಕಬೇಕು. ಸೆಟ್ಟನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ ಮೇನ್ ಸ್ವಿಚ್ ಇಳಿಸಿ. ಯುಪಿಎಸ್ ಇದ್ದರೆ ಅದನ್ನೂ ಪೂರ್ತಿ ಆರಿಸಲೇಬೇಕು, ಏಕೆಂದರೆ ಕರೆಂಟು ಹೋದೊಡನೆ ಕೆಲಸ ಆರಂಭಿಸುವ ಅದರ ಇನ್ವರ್ಟರ್ ತಾನೇ ಗದ್ದಲ ಎಬ್ಬಿಸಬಲ್ಲದು. ಎಸ್ ಮೀಟರ್ ಕುಸಿದರೆ ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತಾ ಬನ್ನಿ. ಎಲ್‌ಇಡಿ ದೀಪದ ಡ್ರೈವರ್, ಮೊಬೈಲ್ ಚಾರ್ಜರ್, ಟಿವಿಯ ಪವರ್ ಸಪ್ಲೈ, ಇವುಗಳಲ್ಲಿ ಯಾವುದೋ ಒಂದು ಸಿಕ್ಕಿಬೀಳುತ್ತದೆ. ಕುಸಿಯದಿದ್ದರೆ ಮೂಲ ಹೊರಗಿದೆ. ಆಗ ಮೀಡಿಯಂ ವೇವ್ ಟ್ರಾನ್ಸಿಸ್ಟರ್ ರೇಡಿಯೋ ಹಿಡಿದು ಬೀದಿಯಲ್ಲಿ ನಡೆಯಿರಿ. ನಿಲಯವಿಲ್ಲದ ಜಾಗಕ್ಕೆ ಟ್ಯೂನ್ ಮಾಡಿ ರೇಡಿಯೋವನ್ನು ತಿರುಗಿಸಿದಾಗ ಗದ್ದಲ ಕನಿಷ್ಠವಾಗುವ ಸ್ಥಿತಿಯಲ್ಲಿ ಒಳಗಿನ ಫೆರೈಟ್ ಕಡ್ಡಿಯ ತುದಿ ಮೂಲದ ಕಡೆಗೆ ಇರುತ್ತದೆ; ಎರಡು ಕಡೆಯಿಂದ ಹೀಗೆ ದಿಕ್ಕು ನೋಡಿದರೆ ಜಾಗ ಗೊತ್ತಾಗುತ್ತದೆ. ಡೈಪೋಲ್‌ನ ನಡುವೆ, ಕೇಬಲ್ ಸೇರುವಲ್ಲಿ, ಚೋಕ್ ಇದೆಯೇ? ಮಿಕ್ಸ್ 31 ಎಂಬ ಬಗೆಯ ದೊಡ್ಡ ಫೆರೈಟ್ ಉಂಗುರಕ್ಕೆ ಕೇಬಲನ್ನು ಹತ್ತು ಹನ್ನೆರಡು ಸುತ್ತು ಸುತ್ತಿ ಚೋಕ್ ಮಾಡಿದರೆ, ಮನೆಯ ಗದ್ದಲ ಕೇಬಲ್‌ನ ಹೊರಮೈ ಹಿಡಿದು ಆಂಟೆನಾ ಸೇರುವುದು ತಪ್ಪುತ್ತದೆ.

ಕಲ್ಪತರು_ಹ್ಯಾಮ್:
ಧನ್ಯವಾದಗಳು. ಮೇನ್ ಸ್ವಿಚ್ ಮತ್ತು ಯುಪಿಎಸ್ ಎರಡನ್ನೂ ಆರಿಸಿದಾಗ ಮೀಟರ್ ಎಸ್ 5ಕ್ಕೆ ಇಳಿಯಿತು. ಮೆಟ್ಟಿಲ ಬಳಿಯ ಎಲ್‌ಇಡಿ ಟ್ಯೂಬ್‌ಲೈಟ್ ಮುಖ್ಯ ಕಾರಣವಾಗಿತ್ತು; ಅದನ್ನು ತೆಗೆದಿದ್ದೇನೆ. ಈಗ ಉಳಿದಿರುವುದು ಒರಟಾದ ಗುಂಯ್‌ಗುಡುವ ಸದ್ದು, ಅದು ಮಳೆ ಬಂದಾಗ ನಿಲ್ಲುತ್ತದೆ.

ಹಳೇ_ಕೋಆಕ್ಸ್:
ಒಣ ಹವೆಯಲ್ಲಿ ಬಂದು ಮಳೆಗೆ ನಿಲ್ಲುವ 100 ಹರ್ಟ್ಸ್‌ನ ಗುಂಯ್‌ಗಾರ ಸಾಮಾನ್ಯವಾಗಿ ವಿದ್ಯುತ್ ಕಂಬದ ಸಡಿಲ ಲೋಹದ ಜೋಡಣೆಗಳ ನಡುವೆ ಹಾರುವ ಕಿಡಿಯದು. ಕಂಬ ಪತ್ತೆಯಾದರೆ ಅದನ್ನು ಮುಟ್ಟುವುದಾಗಲಿ, ಅಲುಗಾಡಿಸಿ ಪರೀಕ್ಷಿಸುವುದಾಗಲಿ ಬೇಡ. ಹತ್ತಿರ ಬಂದಂತೆ ಹೆಚ್ಚಿನ ಆವರ್ತನಗಳಲ್ಲೂ ಸದ್ದು ಕೇಳಿಸತೊಡಗುತ್ತದೆ; ಆದ್ದರಿಂದ ಎಎಂ ಸಂಕೇತ ಕೇಳಿಸುವ ವಿಎಚ್‌ಎಫ್ (30ರಿಂದ 300 ಮೆಗಾಹರ್ಟ್ಸ್‌ನ) ರಿಸೀವರ್ ಮತ್ತು ಸಣ್ಣ ಯಾಗಿಯಿಂದ ಯಾವ ಕಂಬವೆಂದು ಖಚಿತಪಡಿಸಿಕೊಂಡು, ಕಂಬದ ಸಂಖ್ಯೆಯೊಂದಿಗೆ ವಿದ್ಯುತ್ ಕಚೇರಿಗೆ ಲಿಖಿತ ದೂರು ಕೊಡಿ. ಕಿಡಿ ಹಾರುವ ಜಾಗ ಮುಂದೆ ಸುಟ್ಟುಹೋಗುವ ಜಾಗವೂ ಹೌದೆಂದು ಬರೆಯಿರಿ. ರೇಡಿಯೋ ಕೇಳಿಸುವುದಿಲ್ಲ ಎಂಬ ದೂರಿಗಿಂತ ಅದು ಬೇಗ ಕೆಲಸ ಮಾಡುತ್ತದೆ.